ಗಡ್ಡ ಬಂದ ಕೂಸು

ಕೇಯೋಸ್ ದ್ವೀಪ
ದ್ರಾಕ್ಷಿ ತುಳಿಯುವ ತಿಂಗಳು, ಅಮಾವಾಸ್ಯೆಯ ಹಿಂದಿನ ದಿನ

ನನ್ನ ಮುದ್ದಿನ ತಂಗಿ ಮಿರ್ಟಲೆಗೆ ಅಕ್ಕ ಫಿಲಿನ್ನಾಳ ಆಶೀರ್ವಾದ.

ನೀನು, ನಿನ್ನ ಯಜಮಾನರು, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನೀನು ಕಳಿಸಿದ ಒಣ ಅಂಜೂರ ಯಾವಾಗಲೋ ತಲುಪಿತು. ಉತ್ತರ ಬರೆಯದೆ ಕೂತದ್ದಕ್ಕೆ ಬಯ್ಯಬೇಡ. ಈಗ ಒಂದೇ ಉಸಿರಿಗೆ ಹೇಳಿಬಿಡುತ್ತೇನೆ, ನೀನು ಮೊದಲು ಕೂತುಕೋ. ನನ್ನ ಗಂಡ ಕ್ಲಿಯಾಂಡ್ರೋಸ್ ಬಂದಿದ್ದಾನೆ.

ಹೌದು ಕಣೇ, ನಾವು ಗೋರಿ ಕಟ್ಟಿದವನೇ. ಹೆಣ ಸಿಗದಿದ್ದರೂ ಖಾಲಿ ಗೋರಿಯ ಮುಂದೆ ನಿಂತು ಅವನ ಹೆಸರು ಕೂಗಿ, ಹಾಲು ಜೇನು ಸುರಿದು, ನಾನು ಕೂದಲು ಕತ್ತರಿಸಿಕೊಂಡದ್ದನ್ನು ನೀನೇ ನೋಡಿದ್ದೀ. ಪ್ರತಿ ಸುಗ್ಗಿಗೆ ಬರುವ ಹಾಡುಗಾರ ಈಗಲೂ ಅವನನ್ನು ಹಾಡುತ್ತಾನೆ. ಯುದ್ಧದಲ್ಲಿ ಎಲ್ಲರೂ ಓಡಿಹೋದ ಮೇಲೆ ಹಡಗುಗಳ ಮುಂದೆ ಒಬ್ಬನೇ ನಿಂತು, ಈಟಿ ಮುರಿಯುವ ತನಕ ಕಾದಾಡಿ ಸತ್ತ ವೀರನಂತೆ. ಒಬ್ಬನೇ ನಿಂತದ್ದು ನಿಜ. ಆದರೆ ತಲೆಗೆ ಕಲ್ಲೇಟು ಬಿದ್ದು ಮೂರ್ಛೆ ಹೋಗಿದ್ದ, ಎಚ್ಚರಾದಾಗ ಕೊರಳಿಗೆ ಹಗ್ಗ. ಅಂದಿನಿಂದ ಈಜಿಪ್ಟಿನ ತೀರದಲ್ಲಿ ಯಾರದೋ ಗುಲಾಮನಾಗಿ ಉಪ್ಪು ಹೊತ್ತಿದ್ದಾನೆ.

ಹೇಗೋ ತಪ್ಪಿಸಿಕೊಂಡು ಬಂದು ಇಲ್ಲಿ ದಡಕ್ಕಿಳಿದಾಗ ಬಲೆ ಒಣಗಿಸುವವರು ಅವನ ಸಾವಿನ ಹಾಡನ್ನೇ ಹಾಡುತ್ತಿದ್ದರಂತೆ. “ಕೊನೇತನಕ ಕೂತು ಕೇಳಿದೆ ಫಿಲಿನ್ನಾ. ಎಷ್ಟು ಚೆನ್ನಾಗಿ ಸತ್ತಿದೀನಿ ನಾನು!” ಎಂದು ನಕ್ಕ. ಬಾಯಲ್ಲಿ ಅರ್ಧಕ್ಕರ್ಧ ಹಲ್ಲಿಲ್ಲ. ನನಗೆ ನಗು ಬರಲಿಲ್ಲ.

ನಮ್ಮ ಕಟ್ಟಳೆ ನಿನಗೆ ಗೊತ್ತಲ್ಲ. ಉತ್ತರಕ್ರಿಯೆ ಮಾಡಿಸಿಕೊಂಡವನು ಹೊಸದಾಗಿ ಹುಟ್ಟಿ ಬರದೆ ಹೊಸಿಲು ದಾಟುವಂತಿಲ್ಲ, ಗುಡಿ ಮೆಟ್ಟಿಲು ತುಳಿಯುವಂತಿಲ್ಲ. ಅಲ್ಲಿಯವರೆಗೆ ಅವನು ಪ್ರೇತ. ಊರಿಗೆ ಊರೇ ಕದ ಹಾಕಿಕೊಂಡಿತು. ಅವನು ಬಗ್ಗಿ ನೋಡಿದ ಬಾವಿಯಿಂದ ನೆರೆಮನೆಯವಳು ನೀರು ಸೇದಲಿಲ್ಲ. ನಾನೂ ಅಂಥ ಧೈರ್ಯದವಳೇನಲ್ಲ. ಆಡಿನ ಕೊಟ್ಟಿಗೆಯಲ್ಲಿ ಅವನಿಗೆ ರೊಟ್ಟಿ ಇಟ್ಟು, ಬೆನ್ನು ತಿರುಗಿಸಲು ಹೆದರಿ, ಹಿಂದು ಹಿಂದಕ್ಕೆ ನಡೆದು ಬಂದೆ. ಜೊತೆಗೆ ಮಲಗಿ ಎದ್ದ ಗಂಡನಿಗೆ ಹೆದರುವ ಕಾಲ ಬಂತು ನೋಡು.

ಕೊನೆಗೆ ಸೂಲಗಿತ್ತಿ ಫಾನೋ ಅಜ್ಜಿ ಬಂದಳು. ಕೊಟ್ಟಿಗೆಯಲ್ಲೇ ಅವನಿಗೆ ನೀರು ಹುಯ್ದು, ಕೂಸಿಗೆ ಸುತ್ತುವ ಹಾಗೆ ಅಡಿಯಿಂದ ಕೊರಳತನಕ ಬಟ್ಟೆ ಸುತ್ತಿ, ತಲೆಯನ್ನು ನನ್ನ ಮಡಿಲಿಗಿಟ್ಟಳು. ಬಾಣಂತಿಯೊಬ್ಬಳು ಮುಖ ತಿರುಗಿಸಿಕೊಂಡೇ ಅವನ ತುಟಿಗೆ ಎದೆಹಾಲು ಹಿಂಡಿದಳು.

“ಗಡ್ಡ ಬಂದ ಕೂಸು ನನ್ನ ಕೈಲಿ ಹುಟ್ಟಿದ್ದು ಇದೇ ಮೊದಲು ಕಣ್ರಮ್ಮಾ” ಎಂದಳು ಅಜ್ಜಿ. “ಅಳೋ ಮಗನೇ, ಅಳು. ಅಳದಿದ್ರೆ ಬದುಕಿದೀಯ ಅಂತ ಹೆಂಗೆ ನಂಬೋದು?”

ಹೆಂಗಸರೆಲ್ಲ ನಕ್ಕರು. ಅವನು ನಿಜವಾಗಿಯೇ ಅತ್ತ, ನಿಲ್ಲಿಸಲು ಆಗಲಿಲ್ಲ. ಆಮೇಲೆ ಯಾರೂ ನಗಲಿಲ್ಲ.

ಇನ್ನುಳಿದಿರುವುದು ಒಂದೇ ಶಾಸ್ತ್ರ. ನಾಳೆ ಬೆಳಗ್ಗೆ ಒಲೆಯ ಮುಂದೆ ನೆಲದ ಮೇಲೆ ಅವನನ್ನು ಮಲಗಿಸಬೇಕು. ಮನೆಯ ಯಜಮಾನ ಕೂಸನ್ನು ಎತ್ತಿಕೊಂಡು ಒಲೆ ಸುತ್ತಿದರೆ ಮಾತ್ರ ಅದು ಮನೆಯ ಕೂಸು. ಎತ್ತದ ಕೂಸನ್ನು ಮಡಕೆಯಲ್ಲಿಟ್ಟು ಬೆಟ್ಟದ ಮೇಲೆ ಬಿಟ್ಟು ಬರುತ್ತಾರೆ. ಇವನನ್ನಾದರೆ ಕೈ ಹಿಡಿದು ಎಬ್ಬಿಸಿದರೆ ಸಾಕು, ಎಬ್ಬಿಸದಿದ್ದರೆ ಪ್ರೇತವೆಂದು ಕಲ್ಲು ಹೊಡೆದು ಅಟ್ಟಲು ಊರ ಹಿರಿಯರು ನಿಂತಿದ್ದಾರೆ. ಈ ಮನೆಯ ಯಜಮಾನ ಈಗ ಯಾರು ಹೇಳು? ನನ್ನ ಮಗ ಟೆಲೆಸ್.

ಅವನು ಆ ಹಾಡು ಕೇಳಿಕೊಂಡೇ ಬೆಳೆದವನು. ಊರಿನ ದೊಡ್ಡ ಮನೆಯ ಹುಡುಗಿ ಅವನಿಗೆ ಮದುವೆಗೆ ಗೊತ್ತಾಗಿದ್ದೂ ಆ ಹಾಡಿನಿಂದಲೇ. ಈಗ ಹುಡುಗಿಯ ಅಪ್ಪ ಹೇಳಿ ಕಳಿಸಿದ್ದಾನೆ, “ನಾನು ಹೆಣ್ಣು ಕೊಡೋಕೆ ಒಪ್ಪಿದ್ದು ವೀರನ ಮಗನಿಗೆ, ಉಪ್ಪು ಹೊರೋನ ಮಗನಿಗಲ್ಲ.” ಟೆಲೆಸ್ ಎರಡು ದಿನ ಬಾಯಿಗೆ ತುತ್ತಿಡಲಿಲ್ಲ.

“ನನ್ನಪ್ಪ ಸತ್ತೋದ್ರು ಅವ್ವಾ. ಕೊಟ್ಟಿಗೇಲಿರೋನು ಯಾವನೋ ಏನೋ” ಎಂದ.

“ನಿಮ್ಮಪ್ಪನೇ ಕಣೋ. ನನಗೆ ಗುರುತು ಸಿಗಲ್ವೇನೋ?”

“ಆಗಿರಬೋದು. ಅಲ್ಲೇ ಸಾಯೋಕೇನಾಗಿತ್ತು?”

ಆಡಿದ ಮೇಲೆ ಅವನೇ ಬಾಯಿ ಮುಚ್ಚಿಕೊಂಡ. ಮತ್ತೆ ಮೆಲ್ಲಗೆ, “ನಂಗೇನೂ ತೋಚ್ತಿಲ್ಲ. ನಾಳೆ ನಿನ್ನ ಮುಖ ನೋಡ್ತೀನಿ. ನೀನು ಎತ್ತು ಅಂದ್ರೆ ಎತ್ತುತೀನಿ, ಮದುವೆ ಮುರಿದ್ರೆ ಮುರೀಲಿ. ನೀನು ಸುಮ್ನಿದ್ರೆ ನಾನೂ ಸುಮ್ನಿರ್ತೀನಿ” ಎಂದ.

ಕೊಟ್ಟಿಗೆಗೂ ಅಡುಗೆಮನೆಗೂ ನಡುವೆ ಇರುವುದು ಒಂದು ಮಣ್ಣಿನ ಗೋಡೆ. ಕೊಟ್ಟಿಗೆಯಲ್ಲಿದ್ದವನಿಗೆ ಎಲ್ಲವೂ ಕೇಳಿಸಿರಬೇಕು. ಆಮೇಲೆ ನಾನು ಹೋದಾಗ, “ಹುಡುಗನ ದನಿ ಒಡೆದು ಎಷ್ಟು ದಪ್ಪ ಆಗಿದೆ!” ಎಂದಷ್ಟೇ ಅಂದ.

ನನಗೆ ಭಯವಾಗುತ್ತಿದೆ ಮಿರ್ಟಲೆ. ಬಾಗಿಲ ಹೊರಗೆ ಹೆಜ್ಜೆ ಸಪ್ಪಳವಾದರೆ ಎದ್ದು ಹೋಗಿ ಅಗುಳಿ ಮುಟ್ಟಿ ನೋಡುತ್ತೇನೆ. ನಿನ್ನ ಮಕ್ಕಳಿಗೆ ನನ್ನ ಮುತ್ತು ಕೊಡು, ಚಿಕ್ಕವಳಿಗೆ ಒಂದು ಹೆಚ್ಚಿಗೆ. ಒಲೆಯ ದೇವಿ ನಿನ್ನ ಮನೆಯ ಬೆಂಕಿಯನ್ನು ಆರದಂತೆ ಕಾಯಲಿ.

ನಿನ್ನ ಅಕ್ಕ,
ಫಿಲಿನ್ನಾ

ಮಡಚುವ ಮುನ್ನ ಮತ್ತೊಂದು ಮಾತು. ‘ಎತ್ತು’ ಎನ್ನಲು ಇಷ್ಟು ಯೋಚನೆಯೇ ಅಕ್ಕಾ, ಎಂದು ನೀನು ಕೇಳುತ್ತೀ. ಹಡಗು ಹೊರಡುವ ಹೊತ್ತಿಗೆ ನನಗೊಂದು ಹೆಣ್ಣು ಹುಟ್ಟಿತ್ತಲ್ಲ, ಸತ್ತೇ ಹುಟ್ಟಿತೆಂದು ಅತ್ತೆ ನಿಮಗೆಲ್ಲ ಹೇಳಿ ಕಳಿಸಿದ್ದರು. ಸತ್ತಿರಲಿಲ್ಲ ಕಣೇ. ಕೈಕಾಲು ಆಡಿಸಿಕೊಂಡು ಒಲೆಯ ಮುಂದೆ ಮಲಗಿತ್ತು. ನನ್ನ ಗಂಡ ನಿಂತು ನೋಡಿದ, ಎತ್ತಲು ಬಗ್ಗಲಿಲ್ಲ. “ಯುದ್ಧಕ್ಕೆ ಹೊರಟೋನಿಗೆ ಹೆಣ್ಣು ಕೂಸು ಯಾಕೆ?” ಎಂದು ಗುರಾಣಿ ಉಜ್ಜಲು ಹೋದ.

ನಿನ್ನೆ ಸಂಜೆ ಗಂಜಿ ಕುಡಿಸುವಾಗ ಸುತ್ತಿದ ಬಟ್ಟೆಯಿಂದ ಕೈ ಹೊರತೆಗೆದು ನನ್ನ ಬೆರಳು ಹಿಡಿದುಕೊಂಡ. “ಇರೋನು ಒಬ್ಬನೇ ಮಗ ನಮಗೆ. ಇನ್ನೊಂದು ಆಗಿದ್ರೆ ಇಷ್ಟು ವರ್ಷ ನಿನಗೆ ಜೊತೆಯಾದ್ರೂ ಇರ್ತಿತ್ತು, ಪಾಪ” ಎಂದ. ಅವನಿಗೆ ನೆನಪೇ ಇಲ್ಲ.

ಟೆಲೆಸ್ ಮಾತು ತಪ್ಪುವವನಲ್ಲ, ಹೇಳಿದರೆ ಎತ್ತುತ್ತಾನೆ. ನಾಳೆ ಅವನು ನನ್ನ ಮುಖ ನೋಡಿದಾಗ ನಾನು ಬಾಯಿ ಬಿಡದೇ ಹೋದರೆ ಏನು ಗತಿ ಎಂದೇ ನನ್ನ ಹೆದರಿಕೆ.