ಗಟ್ಟಿ ನೀರು

ಮಾರ್ಚ್ ೧೧, ಮಂಗಳವಾರ

ಇವತ್ತು ನನ್ನ ಕೈಯಾರೆ ಇವರ ಜೀವ ತೆಗೆಯುತ್ತಿದ್ದೆ. ಲಕ್ವ ಹೊಡೆದ ಮೇಲೆ ಇವರಿಗೆ ತೆಳು ನೀರು ಆಗದು, ಗಂಟಲು ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕೇ ಡಾಕ್ಟರು ನೀರನ್ನು ಗಟ್ಟಿ ಮಾಡುವ ಪುಡಿ ಬರೆದುಕೊಟ್ಟಿದ್ದಾರೆ.

ಬೆಳಿಗ್ಗೆ ಪುಡಿ ಕಲಸಿದ ನೀರನ್ನು ಚಮಚದಲ್ಲಿ ಅರ್ಧ ಲೋಟ ಕುಡಿಸಿ, ಚಮಚವನ್ನು ಅದರಲ್ಲೇ ಬಿಟ್ಟು ಬಟ್ಟೆ ಒಗೆಯಲು ಹೋದೆ. ಬಂದು ಉಳಿದದ್ದನ್ನು ಕುಡಿಸಿದರೆ ಕೆಮ್ಮು ಹತ್ತಿ ಕಣ್ಣು ಮೇಲಾಯಿತು. ನೋಡಿದರೆ ಲೋಟದಲ್ಲಿರುವುದು ಬರೀ ನೀರು! ಪುಡಿ ಮಾರಿದವನಿಗೆ ಹಿಡಿಶಾಪ ಹಾಕಿದೆ.

ಮೊಮ್ಮಗಳು ಓಡಿಬಂದು ತಾತನ ಬೆನ್ನು ತಟ್ಟಿದಳು. ಅವಳು ಕಾಲೇಜಿನಲ್ಲಿ ಇಂಥ ಲೋಳೆಗಳನ್ನೇ ಓದುವವಳು.

"ಅಜ್ಜಿ, ಎಂಜಲು ಚಮಚ ಲೋಟದಲ್ಲೇ ಬಿಟ್ಟಿದ್ಯಾ?"

"ಗಂಡ ಹೆಂಡ್ತಿ ಮಧ್ಯೆ ಎಂಥ ಎಂಜಲೇ?"

"ನಿಂಗಲ್ಲ, ಪುಡಿಗೆ! ಅದರ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಲೆ ಥರ ನೀರನ್ನ ಹಿಡಿದಿರ್ತವೆ. ಎಂಜಲು ಆ ಎಳೆಗಳನ್ನ ಕತ್ತರಿಸಿಬಿಡತ್ತೆ."

"ಅಯ್ಯೋ, ಪುಡಿಗೂ ಮಡಿಯಾ!" ಎಂದೆ. ಎದ್ದು ಲೋಟದಲ್ಲಿ ಉಳಿದದ್ದನ್ನು ಬಚ್ಚಲಿಗೆ ಚೆಲ್ಲಿದೆ.

ಸಂಜೆ ಇವರು, "ಒಂದೇ ಗುಟುಕು ಬರೀ ನೀರು ಕೊಡೇ, ಈ ಅಂಟು ಸಾಕಾಗಿದೆ" ಎಂದು ಅಂಗಲಾಚಿದರು.

"ಬೆಳಿಗ್ಗೆ ಕುಡಿದಿದ್ದು ಸಾಲದಾ?" ಎಂದು ಬೈದೆ. ಗೋಡೆಯ ಕಡೆ ಹೊರಳಿದರು.

ದಿನವಿಡೀ ಓಡಾಡಿ ನನಗೂ ಬಾಯಿ ಒಣಗಿತ್ತು. ಅವರೆದುರು ಲೋಟ ಎತ್ತಲಾರದೆ ಅಡುಗೆಮನೆಯಲ್ಲಿ ಕಳ್ಳಿಯಂತೆ ನಿಂತು ಗಟಗಟ ಕುಡಿದೆ. ಬಾಯಿ ಒರೆಸಿಕೊಂಡೇ ಬಂದಿದ್ದೆ. ಆದರೂ ಹಾಸಿಗೆಯಿಂದ ಕೇಳಿದರು: "ತಣ್ಣಗಿತ್ತೇನೇ?"

ಇಲ್ಲ, ಬೆಚ್ಚಗಿತ್ತು, ಕುಡಿಯೋ ಹಾಗೇ ಇರಲಿಲ್ಲ ಎಂದು ಸುಳ್ಳು ಹೇಳಿದೆ.