ಮೂರನೇ ಗೆಣ್ಣು

ಫೆಬ್ರವರಿ 2, ರವಿವಾರ, ಸಂಜೆ

ಇವತ್ತೂ ಹನ್ನೊಂದು ಹಾಳೆ ಕೆಡಿಸಿದೆ. ಬರೆದದ್ದು ಬಿದಿರು ಅಲ್ಲ, ನಲ್ಲಿಯ ಪೈಪು.

ಸಿಕಂದರಾಬಾದಿನ ಈ ಚಿತ್ರಕಲೆ ಕ್ಲಾಸಿಗೆ ಬಂದು ಐದು ತಿಂಗಳು. ನಾನು ಕೆಲಸಕ್ಕಿರುವ ಕೋಠಿಯ ಅಂಗಡಿಯಿಂದ ಕಾಗದದ ಕಟ್ಟು ತಲುಪಿಸಲು ಬಂದವಳು, ನೋಡುತ್ತ ನಿಂತುಬಿಟ್ಟೆ. ಧನಶ್ರೀ ಮೇಡಂ ಕೂರಿಸಿಕೊಂಡರು. ಫೀ ಇಲ್ಲ. ಎಲ್ಲರಿಗೂ ಕಲ್ಲಿನ ಮೇಲೆ ಮಸಿ ತೇಯ್ದು ಕೊಡಬೇಕು, ಅಷ್ಟೆ.

ಚೀನಾದವರ ಬಿದಿರು. ಕರಿ ಮಸಿ, ಬಿಳಿ ಹಾಳೆ, ಬುಡದಿಂದ ಮೇಲಕ್ಕೆ. ಪ್ರತಿ ಗೆಣ್ಣಿಗೂ ಕುಂಚ ಒತ್ತಿ ನಿಲ್ಲಿಸಬೇಕು, ಆಮೇಲೆ ಮುಂದಕ್ಕೆ. ನನ್ನ ಕೈ ನಿಲ್ಲುವುದಿಲ್ಲ. ಇಂಟರ್ ಕಾಲೇಜು ಬಿಟ್ಟದ್ದೂ ಅದಕ್ಕೇ. ಮನೆ ಕಷ್ಟ ಅಂತ ಅಪ್ಪ ಜನರಿಗೆ ಹೇಳುತ್ತಾನೆ. ಸುಳ್ಳು. ನನಗೆ ಕೂರಲು ಆಗಲಿಲ್ಲ.

"ಬಿದಿರು ಒಳಗ ಖಾಲಿ, ಅದಕ್ಕ ಗರ್ವ ಇಲ್ಲ," ಅಂದರು ಮೇಡಂ. "ಗಾಳಿಗೆ ಬಗ್ತದ, ಮುರಿಯೂದಿಲ್ಲ. ತಮ್ಮ ನಡತಿ ಹಿಂಗ ಇರ್ಲಿ ಅಂತ ಅಲ್ಲಿ ಪಂಡಿತರು ಇದನ್ನ ಬರೀತಿದ್ರು."

"ನಾನೂ ಒಳಗ ಖಾಲೀನ ಅದೀನ್ರೀ ಮೇಡಂ."

ಜೊತೆಗೆ ಕಲಿಯುವ ವೈಭವ ನಕ್ಕು ಮಸಿ ಚೆಲ್ಲಿದ. ಕಲಬುರಗಿಯವನು, ಇಲ್ಲಿ ಇಂಜಿನಿಯರಿಂಗ್.

ಏಪ್ರಿಲ್‌ನಿಂದ ಮಕ್ಕಳ ಬ್ಯಾಚ್. ಕಲಿಸಲು ಒಬ್ಬರು ಬೇಕು — ನಾನು, ಇಲ್ಲವೇ ವೈಭವ. ಹದಿನಾರನೇ ತಾರೀಖಿಗೆ ಒಂದೊಂದು ಹಾಳೆ ತರಬೇಕು. ಒಂದೇ ಷರತ್ತು: ಒಮ್ಮೆ ಎಳೆದ ಗೆರೆಯ ಮೇಲೆ ಮತ್ತೆ ಕುಂಚ ಹೋಗಬಾರದು.

ಬೇಕು. ಇಷ್ಟೊಂದು ಯಾವುದೂ ಬೇಕು ಅನ್ನಿಸಿರಲಿಲ್ಲ.

ಫೆಬ್ರವರಿ 5

ಅಪ್ಪ ಸನತ್‌ನಗರದ ಕೆಲಸದಿಂದ ಬಂದ. ಕಟ್ಟಡಗಳಿಗೆ ಸಾರುವೆ ಕಟ್ಟುತ್ತಾನೆ — ಬಿದಿರಿಗೆ ಬಿದಿರು ಬಿಗಿದು, ಅದರ ಮೇಲೇ ನಿಲ್ಲುವ ಕೆಲಸ. ನನ್ನ ಹಾಳೆಯನ್ನು ಆಚೆ ಈಚೆ ತಿರುಗಿಸಿ ನೋಡಿದ.

"ಇದು ಬಿದರಲ್ಲವ್ವಾ, ಏಣಿ."

"ಯಾಕ?"

"ಗೆಣ್ಣು ಎಲ್ಲಾ ಒಂದ ಅಳತಿ ಅದಾವ. ಎಲ್ಲಿ ಬೆಳೀತೈತಿ ಹಂಗ? ಬುಡಕ್ಕ ಒತ್ತೊತ್ತು, ನಡಕ ದೂರ ದೂರ, ತುದಿಗೆ ಮತ್ತ ಒತ್ತು. ಇಪ್ಪತ್ತ ವರ್ಷ ಆತು ಅದನ್ನ ಹತ್ತಾಕತ್ತು. ಒಂದಿನ ನನ್ನ ಕೇಳಿಯೇನ?"

ಅವ್ವ ಒಲೆಯ ಕಡೆಯಿಂದ: "ಕೇಳಿದ್ರ ಮೀಸಿ ತಿರುವ್ಕೋತ ಕುಂದರ್ತಿದ್ರಿ, ಬಿಡ್ರಿ."

ಕೇಳಿರಲಿಲ್ಲ. ತಲೆಗೇ ಹೊಳೆದಿರಲಿಲ್ಲ.

ಫೆಬ್ರವರಿ 15, ಬೆಳಿಗ್ಗೆ 6

ಬಂತು! ಅಪ್ಪ ಹೇಳಿದ ಅಳತೆ. ಎಲೆಗಳೂ ಗಾಳಿಗೆ ಓಲಿದ ಹಾಗೇ ಇವೆ. ಆದರೆ ಮೂರನೇ ಗೆಣ್ಣಲ್ಲಿ ಕೈ ನಿಲ್ಲದೆ ಜಾರಿತು. ಅಲ್ಲಿ ತೆಳುವಾಯಿತು. ಒಳ್ಳೆಯ ಹಾಳೆ ಇದೊಂದೇ ಉಳಿದಿತ್ತು. ಹಸಿ ಇದ್ದಾಗಲೇ ಮತ್ತೊಮ್ಮೆ ಒತ್ತಿದೆ. ಕೂಡಿಕೊಂಡಿತು. ಯಾರಿಗೂ ಗೊತ್ತಾಗುವುದಿಲ್ಲ.

ನನಗೆ...

ಫೆಬ್ರವರಿ 16, ರವಿವಾರ

ಮೇಡಂ ಎರಡೂ ಹಾಳೆ ಗೋಡೆಗೆ ಅಂಟಿಸಿದರು. ವೈಭವನದರಲ್ಲಿ ಒಂದು ಎಲೆ ಕೆಟ್ಟಿದೆ. ಹಾಗೇ ಬಿಟ್ಟಿದ್ದಾನೆ. ನನ್ನದರ ಮುಂದೆ ಮೇಡಂ ಬಹಳ ಹೊತ್ತು ನಿಂತರು. ಬೆರಳು ಆ ಮೂರನೇ ಗೆಣ್ಣಿಗೇ ಹೋಯಿತು.

"ದೇಖೋ ಸಬ್! ಈ ಹುಡುಗಿ ಕೈ ಕಡೀಕೂ ನಿಂತದ! ಮಕ್ಕಳ ಬ್ಯಾಚ್ ಇಕೀಗೇ!"

ಚಪ್ಪಾಳೆ. ವೈಭವನದೇ ಜೋರು. "ಟೀಚರಮ್ಮಾ, ಇವತ್ತ ಸಮೋಸಾ ನಿಂದ!"

ನಿಜ ಹೇಳಲು ಬಾಯಿ ತೆರೆದೆ. ಬಂದದ್ದು, "ಥ್ಯಾಂಕ್ಸ್ ರೀ ಮೇಡಂ."

ಥೂ.

ಫೆಬ್ರವರಿ 20

ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಹೋಗುತ್ತಿದ್ದೇನೆ. ಅಂಗಡಿಯಲ್ಲಿ ಎರಡು ಸಲ ಒಬ್ಬರ ಕಟ್ಟು ಇನ್ನೊಬ್ಬರಿಗೆ ಕೊಟ್ಟೆ.

ಅಪ್ಪನಿಗೆ ಆ ಗೆಣ್ಣಿನ ವಿಷಯ ಹೇಳಿದೆ. ಬೈಯಲಿಲ್ಲ. ಬೀಡಿ ಹಚ್ಚಿದ.

"ಒಮ್ಮೊಮ್ಮೆ ಮಾರಾವ್ರು ಸೀಳಿದ ಬಿದರಿಗೆ ಮಣ್ಣ ಮೆತ್ತಿ ಕಳಸ್ತಾರ. ನಾ ಒಂದೊಂದೂ ನೆಲಕ್ಕ ಕುಟ್ಟಿ ನೋಡ್ತೀನಿ. ಸೀಳಿದ್ದು ಒಡಕ ಸಪ್ಪಳ ಮಾಡ್ತೈತಿ."

"ಆಮ್ಯಾಲ?"

"ಬದಿಗೆ ಒಗೀತೀನಿ. ಮ್ಯಾಲ ನಿಂದ್ರಾಂವ ನಾನಲ್ಲೇನು?"

ಫೆಬ್ರವರಿ 23, ರವಿವಾರ, ಮಧ್ಯಾಹ್ನ

ಹೇಳಿದೆ. ಎಲ್ಲರ ಎದುರಿಗೇ. ಚಪ್ಪಾಳೆ ತಟ್ಟಿದ್ದು ಎಲ್ಲರೂ ತಾನೆ.

ಮೇಡಂ ಹಾಳೆಯನ್ನು ಗೋಡೆಯಿಂದ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಆ ಗೆಣ್ಣಲ್ಲಿ ಕಪ್ಪಿನ ಮೇಲೆ ಕಪ್ಪು. "ನಾ ಅವತ್ತೇ ಹಿಂಗ ಹಿಡದು ನೋಡಬೇಕಿತ್ತು," ಅಂದರು. ಅಷ್ಟೆ. ಮಕ್ಕಳ ಬ್ಯಾಚ್ ವೈಭವನಿಗೆ.

ಅವನು ನಗಲಿಲ್ಲ. "ಹುಚ್ಚಿ, ಸುಮ್ನ ಇರಾಕ ಏನಾಗಿತ್ತು?" ಮೆಲ್ಲಗೆ.

ಎದ್ದೆ. ಚಪ್ಪಲಿ ಮೆಟ್ಟಿದೆ. ಮೆಟ್ಟಿಲಿಳಿದರೆ ಬಸ್ಸು. ಕಾಲೇಜಿನಿಂದಲೂ ಹೀಗೇ ಹೋಗಿದ್ದೆ.

"ಮಸಿ ಯಾರು ತೇಯ್ತಾರ?" ಮೇಡಂ ನನ್ನ ಕಡೆ ನೋಡದೆ ಕೇಳಿದರು.

ಚಪ್ಪಲಿ ಬಿಟ್ಟೆ. ತೇಯ್ದೆ. ಎಲ್ಲರಿಗೂ ಕೊಟ್ಟ ಮೇಲೆ ಕಲ್ಲಿನಲ್ಲಿ ಸ್ವಲ್ಪ ಉಳಿಯಿತು. ಹಾಳೆ ಎಳೆದುಕೊಂಡೆ. ಬುಡ. ಒಂದು. ಎರಡು. ಮೂರನೆಯದು... ನಿಂತಿತು. ಕೈ ತಾನಾಗಿ ನಿಂತಿತು. ಮೇಲಿನದು ಇನ್ನೂ ಎಳೆದಿಲ್ಲ. ನಡುವೆಯೇ ಇದನ್ನು ಬರೆಯುತ್ತಿದ್ದೇನೆ. ಮಸಿ ಒಣಗುವುದರೊಳಗೆ ನಾಲ್ಕನೆಯದು —