ಭಾರ ಕೊಟ್ಟು ನೋಡಿದ ಎಂಜಿನ್

೧೨ನೇ ತಾರೀಖು, ಮಂಗಳವಾರ

ಮಗಳಿಗೆ,

ನಿನ್ನ ಅಪ್ಪ ಬರೆಯುತ್ತಿದ್ದೇನೆ. ಹರಿದು ಹಾಕಬೇಡ, ಪೂರ್ತಿ ಓದು. ನೀನೂ ಮಗುವೂ ಚೆನ್ನಾಗಿದ್ದೀರೆಂದು ನಿನ್ನ ಅಮ್ಮ ಹೇಳಿದಳು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಕಾಗದ ಬರೆಯುವುದೆಂದರೆ ತುಕ್ಕು ಹಿಡಿದ ಬೋಲ್ಟು ಬಿಚ್ಚಿದ ಹಾಗೆ. ತಡವಾಗಿದ್ದಕ್ಕೆ ಅದೊಂದೇ ಕಾರಣ ಅಲ್ಲ ಬಿಡು.

ನಾನೇ ರಿಪೇರಿ ಮಾಡಿ ಕೊಟ್ಟ ಆ ಹಳೇ ಟ್ರ್ಯಾಕ್ಟರ್ ಎಂಟು ತಿಂಗಳಿಂದ ಶೆಡ್ಡಿನಲ್ಲಿ ಬಿದ್ದಿದೆ. ಅದು ಏರಿನಲ್ಲಿ ಹಿಂದಕ್ಕೆ ಜಾರಿ ನಿನ್ನ ಗಂಡನ ಮೇಲೆ ಮಗುಚಿತಲ್ಲ, ಮಾರನೇ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸಲೀಸಾಗಿ ಓಡಿತು. ಅದಕ್ಕೇ ಹೆಣದ ಮುಂದೆ ನಿಂತು, "ಎಂಜಿನ್ ಸರಿಯಿದೆ, ಇವನಿಗೆ ಓಡಿಸೋಕೆ ಬರ್ತಿರಲಿಲ್ಲ" ಅಂದೆ. ನೀನು, "ಖಾಲಿ ಓಡೋದು ನೋಡಿ ಹೇಳ್ತೀಯಲ್ಲಪ್ಪ, ಅವರು ಎಳೀತಿದ್ದದ್ದು ತುಂಬಿದ ಟ್ರೈಲರು" ಅಂದೆ. ಅದೇ ನಮ್ಮಿಬ್ಬರ ಕೊನೆಯ ಮಾತು.

ನಿನ್ನ ಬಾಯಿ ಮುಚ್ಚಿಸಬೇಕು ಅಂತಲೇ ಎಂಜಿನ್ನಿಗೆ ಭಾರ ಕೊಟ್ಟು ನೋಡುವ ಒಂದು ಸಾಧನ ಕಟ್ಟಿದೆ. ಲಾರಿಯ ಬ್ರೇಕ್ ಡ್ರಮ್ಮನ್ನು ಎಂಜಿನ್ನಿಗೆ ಜೋಡಿಸಿ, ಎರಡು ಮರದ ತುಂಡುಗಳ ನಡುವೆ ಹಿಡಿಸಿದೆ. ಬೋಲ್ಟು ಬಿಗಿದಷ್ಟೂ ಎಂಜಿನ್ನಿಗೆ ಭಾರ. ಮರಕ್ಕೆ ಕಟ್ಟಿದ ಸಲಾಕೆಯ ತುದಿ ಮೂಟೆ ತೂಗುವ ಕಾಟಾದ ಮೇಲೆ ಒತ್ತಿ, ಎಷ್ಟು ಶಕ್ತಿ ಅಂತ ತೋರಿಸುತ್ತದೆ. ಮರ ಕೊಟ್ಟ ಬಡಗಿ, "ಯಜಮಾನ್ರೇ, ಆಮೇಲೆ ನಿಮ್ಮ ಕೋಪಾನೂ ತೂಗಿಬಿಡಿ, ಕಾಟಾ ತಡೆದರೆ" ಅಂದ. ಬೈದೆ. ಆದರೂ ಡ್ರಮ್ಮು ಕಾಯದ ಹಾಗೆ ನೀರು ಹೊಯ್ಯಲು ನಿಂತ.

ನಿನ್ನೆ ಓಡಿಸಿದೆವು. ಬೋಲ್ಟು ಬಿಗಿದೆ, ಮರ ಹೊಗೆಯಾಡಿತು. ಒಂಬತ್ತು ನಿಮಿಷ. ಕತ್ತು ಹಿಸುಕಿದ ಹಾಗೆ ಎಂಜಿನ್ ನಿಂತಿತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸಲೀಸು. ಭಾರ ಕೊಟ್ಟೆ, ಮತ್ತೆ ನಿಂತಿತು. ಡೀಸೆಲ್ ಪೈಪು ಬಿಚ್ಚಿ ಸೀಳಿದೆ. ಒಳಗಿನ ರಬ್ಬರು ಸುಲಿದು ನಾಲಿಗೆಯ ಹಾಗೆ ನೇತಾಡುತ್ತಿತ್ತು. ಖಾಲಿ ಓಡುವಾಗ ಡೀಸೆಲ್ ಹೇಗೋ ನುಸುಳುತ್ತದೆ. ಭಾರ ಬಿದ್ದು ಎಂಜಿನ್ ಜೋರಾಗಿ ಎಳೆದರೆ ಆ ನಾಲಿಗೆ ದಾರಿ ಮುಚ್ಚುತ್ತದೆ. ಗುಜರಿ ಗಾಡಿಯ ಪೈಪು. ಹಾಕಿದವನು ನಾನೇ.

ಬಡಗಿ ನೀರಿನ ಬಕೆಟ್ ಕೆಳಗಿಟ್ಟು ಹೊರಗೆ ಹೋದ. ನಿನ್ನ ಅಮ್ಮ ಒಲೆ ಆರಿಸಿ ಕೂತುಬಿಟ್ಟಳು.

ಕ್ಷಮಿಸು ಅನ್ನುವ ಮುಖ ನನಗಿಲ್ಲ. ಮಗು ದೊಡ್ಡವನಾದಾಗ, ಅವನಪ್ಪನಿಗೆ ಓಡಿಸಲು ಚೆನ್ನಾಗಿ ಬರುತ್ತಿತ್ತು ಅಂತ ಹೇಳು. ಈ ಕಾಗದ ತೋರಿಸು. ಇಬ್ಬರೂ ತಣ್ಣಗಿರಿ.

ನಿನ್ನ ಅಪ್ಪ

ಮರೆತದ್ದಲ್ಲ, ಮೇಲೆ ಬರೆಯಲು ಆಗದೆ ಬಿಟ್ಟದ್ದು: ಟ್ರ್ಯಾಕ್ಟರ್ ಮಗುಚಿದ ಹಿಂದಿನ ದಿನ ನಿನ್ನ ಗಂಡ ಶೆಡ್ಡಿಗೆ ಬಂದಿದ್ದ. ನಿನಗೆ ಹೇಳಿರಲಿಕ್ಕಿಲ್ಲ. "ಮಾವ, ಲೋಡ್ ಹಾಕಿದ್ರೆ ಏರಿನಲ್ಲಿ ಉಸಿರು ಕಟ್ಟುತ್ತೆ, ಒಂದ್ಸಲ ನೋಡಿ" ಅಂದ. ಕೂತಲ್ಲೇ ಎಂಜಿನ್ ಸದ್ದು ಕೇಳಿಸಿಕೊಂಡು, "ಕೆಟ್ಟಿರೋದು ಎಂಜಿನ್ ಅಲ್ಲ, ನಿನ್ನ ಧೈರ್ಯ" ಅಂದೆ. "ಸರಿ ಮಾವ" ಅಂದು ಹೋದ.